ವೆಬ್ ವಿಳಾಸದಲ್ಲಿ ಅಕ್ಷರ ಕೆಟ್ಟಾಗ

ವೆಬ್ ವಿಳಾಸದಲ್ಲಿ ನೇರವಾಗಿ ಬರೆಯಬಹುದಾದದ್ದು ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಕೆಲವೇ ಚಿಹ್ನೆಗಳನ್ನು ಮಾತ್ರ. ಉಳಿದ ಅಕ್ಷರಗಳನ್ನು ಬೈಟ್‌ಗಳಾಗಿ ಬಿಡಿಸಿ, ಒಂದೊಂದು ಬೈಟನ್ನೂ ಶೇಕಡಾ ಚಿಹ್ನೆ ಹಾಗೂ ಎರಡು ಹೆಕ್ಸಾಡೆಸಿಮಲ್ ಅಂಕಿಗಳಿಂದ ಸೂಚಿಸಬೇಕು. ಖಾಲಿ ಜಾಗ %20 ಆಗುವುದು ಹೀಗೆ. ಯುಟಿಎಫ್-8 ಪದ್ಧತಿಯಲ್ಲಿ ‘ಕ’ ಎಂದರೆ 224, 178, 149 ಎಂಬ ಮೂರು ಬೈಟ್‌ಗಳು. ‘ಕನ್ನಡ’ ಎಂಬ ಪದದಲ್ಲಿ ಒತ್ತಕ್ಷರ ಮೂಡಿಸುವ ಹಲಂತವೂ ಸೇರಿ ಐದು ಯೂನಿಕೋಡ್ ಸಂಕೇತಗಳಿವೆ. ಅವು 15 ಬೈಟ್‌ಗಳಾಗಿ, ವಿಳಾಸದಲ್ಲಿ 45 ಚಿಹ್ನೆಗಳ ಸಾಲಾಗುತ್ತವೆ.

ಈ ಸಾಲನ್ನು ತಂತ್ರಾಂಶ ಮತ್ತೆ ಅಕ್ಷರಗಳಿಗೆ ತಿರುಗಿಸುವಾಗ, ಅಂದರೆ ಡಿಕೋಡ್ ಮಾಡುವಾಗ, ಮುಖ್ಯವಾಗಿ ಮೂರು ಬಗೆಯ ದೋಷಗಳು ತಲೆದೋರುತ್ತವೆ. ವಿಳಾಸ ನಡುವೆ ತುಂಡಾದರೆ ಮೂರು ಬೈಟ್‌ಗಳ ಅಕ್ಷರದಲ್ಲಿ ಒಂದೋ ಎರಡೋ ಮಾತ್ರ ಉಳಿಯುತ್ತವೆ. ಅವುಗಳಿಂದ ಅಕ್ಷರ ಕೂಡಿಬರುವುದಿಲ್ಲ. ಯುಟಿಎಫ್-8 ಬೈಟ್‌ಗಳನ್ನು ವಿಂಡೋಸ್-1252ರಂಥ ಹಳೆಯ ಪಟ್ಟಿಯ ಪ್ರಕಾರ ಓದಿದರೆ ‘ಕ’ ಇದ್ದಲ್ಲಿ ಸಂಬಂಧವೇ ಇಲ್ಲದ ಮೂರು ಚಿಹ್ನೆಗಳು ಕಾಣುತ್ತವೆ. ಒಮ್ಮೆ ಸಂಕೇತಿಸಿದ್ದನ್ನೇ ಮತ್ತೆ ಸಂಕೇತಿಸಿದರೆ ಶೇಕಡಾ ಚಿಹ್ನೆಯೇ %25 ಆಗಿ, %20 ಇದ್ದದ್ದು %2520 ಆಗುತ್ತದೆ.

ತಪ್ಪು ಬೈಟ್ ಎದುರಾದಾಗ ತಂತ್ರಾಂಶಗಳು ಒಂದೇ ರೀತಿ ವರ್ತಿಸುವುದಿಲ್ಲ. ಜಾವಾಸ್ಕ್ರಿಪ್ಟ್‌ನ ಸಿದ್ಧ ಕಾರ್ಯವು ದೋಷ ತೋರಿಸಿ ನಿಲ್ಲುತ್ತದೆ. ಪೈಥಾನ್‌ನದು, ಬೇರೆ ಸೂಚನೆ ಕೊಡದಿದ್ದರೆ, ಪ್ರಶ್ನಾರ್ಥಕವಿರುವ ವಜ್ರಾಕಾರದ ಬದಲಿ ಚಿಹ್ನೆಯನ್ನಿಟ್ಟು ಮುಂದುವರಿಯುತ್ತದೆ. ಪರದೆಯ ಮೇಲೆ ತೋರಿಸುವುದಕ್ಕಷ್ಟೇ ಆದರೆ ಈ ಬದಲಿ ಸಾಕು. ಆದರೆ ಕಡತ ಹುಡುಕಲು ಅದನ್ನೇ ಬಳಸಿದರೆ ಬೇರೆಬೇರೆ ವಿಳಾಸಗಳು ಒಂದೇ ಆಗಿಬಿಡಬಹುದು. ಮೂಲ ಬೈಟ್ ಯಾವುದಿತ್ತೆಂದು ತಿಳಿಯುವ ದಾರಿಯೂ ಉಳಿಯುವುದಿಲ್ಲ.

ದೋಷವನ್ನು ಸಡಿಲವಾಗಿ ಬಿಟ್ಟರೆ ಭದ್ರತೆಗೂ ಅಪಾಯ. ಒಂದೇ ಬೈಟ್‌ನಲ್ಲಿ ಬರೆಯಬೇಕಾದ ಓರೆಗೆರೆಯನ್ನು ನಿಯಮ ಮೀರಿ ಎರಡು ಬೈಟ್‌ಗಳಲ್ಲಿ ಬರೆದರೂ ಮೈಕ್ರೋಸಾಫ್ಟ್‌ನ ಐಐಎಸ್ ಸರ್ವರ್ ಒಪ್ಪಿಕೊಳ್ಳುತ್ತಿತ್ತು. ಓರೆಗೆರೆ ಇದೆಯೇ ಎಂಬ ತಪಾಸಣೆ ಮುಗಿದ ಮೇಲೆ ಡಿಕೋಡಿಂಗ್ ನಡೆಯುತ್ತಿದ್ದುದರಿಂದ ನಿಷಿದ್ಧ ಫೋಲ್ಡರ್‌ಗಳಿಗೆ ದಾರಿ ತೆರೆದುಕೊಂಡಿತು. 2001ರಲ್ಲಿ ಹರಡಿದ ನಿಮ್ಡಾ ಎಂಬ ಕಂಪ್ಯೂಟರ್ ಹುಳು ಬಳಸಿಕೊಂಡ ಲೋಪಗಳಲ್ಲಿ ಇದೂ ಒಂದು. ಇಂಥ ಬೈಟ್‌ಗಳನ್ನು ಒಪ್ಪಲೇಬಾರದೆಂದು 2003ರ ಯುಟಿಎಫ್-8 ಮಾನದಂಡ ಹೇಳುತ್ತದೆ.

ಹಾಗಾಗಿ ಕೆಲಸದ ಕ್ರಮವೇ ಮುಖ್ಯ. ಮೊದಲು ವಿಳಾಸವನ್ನು ಭಾಗಗಳಾಗಿ ಬಿಡಿಸಬೇಕು; ಇಲ್ಲದಿದ್ದರೆ ಹೆಸರಿನೊಳಗಿನ %26 ತೆರೆದುಕೊಂಡು, ಎರಡು ಮಾಹಿತಿಗಳನ್ನು ಬೇರ್ಪಡಿಸುವ & ಚಿಹ್ನೆಯೆಂದು ಎಣಿಕೆಯಾಗುತ್ತದೆ. ಬಳಿಕ ಪ್ರತಿ ಭಾಗವನ್ನೂ ಒಂದೇ ಸಲ, ಯುಟಿಎಫ್-8 ಪ್ರಕಾರ ಕಟ್ಟುನಿಟ್ಟಾಗಿ ಡಿಕೋಡ್ ಮಾಡಿ, ಸುರಕ್ಷತಾ ತಪಾಸಣೆಯನ್ನು ಆ ಫಲಿತಾಂಶದ ಮೇಲೆಯೇ ನಡೆಸಬೇಕು. ಬೈಟ್‌ಗಳು ಹೊಂದದಿದ್ದರೆ ಸರ್ವರ್ 400 ಎಂಬ ದೋಷಸಂಖ್ಯೆಯನ್ನು ಮರಳಿಸಿ, ಮೂಲ ವಿಳಾಸವನ್ನು ಇದ್ದಂತೆಯೇ ದಾಖಲಿಸಿಕೊಳ್ಳುವುದು ಒಳ್ಳೆಯದು. ಊಹಿಸಿ ತಿದ್ದುವುದಕ್ಕಿಂತ ತಪ್ಪನ್ನು ತಪ್ಪೆಂದೇ ತಿಳಿಸುವ ತಂತ್ರಾಂಶ ಹೆಚ್ಚು ನಂಬಿಕೆಗೆ ಅರ್ಹ.