ಬುತ್ತಿಯ ವೇಳೆಯ ಉದ್ಯಾನಪಾಠ

ಸಸ್ಯೋದ್ಯಾನವೆಂದರೇನು, ಅಲ್ಲಿ ತಿಂಗಳಿಗೊಮ್ಮೆ ಮಧ್ಯಾಹ್ನದ ಊಟದ ವೇಳೆಗೆ ಜನರನ್ನು ಕೂಡಿಸಿ ಗಿಡಮರಗಳ ವಿಷಯವಾಗಿ ಉಪನ್ಯಾಸ ಮಾಡುವ ಪದ್ಧತಿಯಿಂದ ಆಗುವ ಪ್ರಯೋಜನವೇನು, ಅಂಥ ಪದ್ಧತಿಯನ್ನು ನಮ್ಮ ಹೆಣ್ಣುಮಕ್ಕಳ ಸಾಲೆಗಳಲ್ಲಿ ಹೇಗೆ ನಡೆಯಿಸಬಹುದು ಎಂಬ ಮೂರು ಸಂಗತಿಗಳನ್ನು ಈ ಸ್ಮರಣಸಂಚಿಕೆಯ ವಾಚಕರಾದ ಹಳೆಯ ವಿದ್ಯಾರ್ಥಿನಿಯರ ಹಾಗೂ ಪಾಲಕರ ಮುಂದೆ ಇಡಬೇಕೆಂಬ ಉದ್ದೇಶದಿಂದ ಈ ಲೇಖನವನ್ನು ಬರೆದಿದ್ದೇನೆ.

ಸಾಮಾನ್ಯವಾದ ಹೂದೋಟವು ಕಣ್ಣಿನ ಆನಂದಕ್ಕಾಗಿ ಇರುವದು. ಸಸ್ಯೋದ್ಯಾನವಾದರೋ ಜ್ಞಾನಕ್ಕಾಗಿ ಇರುವದು. ಅಲ್ಲಿ ಮರಗಳಿಗೆ ಹೆಸರಿನ ಫಲಕವುಂಟು. ಒಂದು ಗಿಡದ ಮೂಲದೇಶ ಯಾವುದು, ಅದು ಯಾವ ಕುಲಕ್ಕೆ ಸೇರಿದ್ದು, ಎಲ್ಲಿಂದ ಬಂತು, ನಮ್ಮ ಹವೆಯಲ್ಲಿ ಹೇಗೆ ಬೆಳೆಯಿತು ಎಂಬವನ್ನೆಲ್ಲ ಬರೆದಿಡುತ್ತಾರೆ. ಇಟಲಿಯ ಪಾದುವಾ ಪಟ್ಟಣದಲ್ಲಿ 1545ರಲ್ಲಿ ಸ್ಥಾಪಿತವಾದ ಪ್ರಖ್ಯಾತ ಉದ್ಯಾನವು ವೈದ್ಯವಿದ್ಯೆಯನ್ನು ಕಲಿಯುವವರಿಗೆ ಔಷಧಿಯ ಗಿಡಗಳ ಗುರುತನ್ನು ತಿಳಿಸುವದಕ್ಕಾಗಿಯೇ ಹುಟ್ಟಿತು. ಒಂದು ಗಿಡವನ್ನು ಮತ್ತೊಂದೆಂದು ಭ್ರಮಿಸಿದರೆ ರೋಗಿಯ ಪ್ರಾಣಕ್ಕೆ ಅಪಾಯವಲ್ಲವೇ? ಆದುದರಿಂದ ಸಸ್ಯೋದ್ಯಾನವು ಮೊದಲಿನಿಂದಲೂ ಒಂದು ಪಾಠಶಾಲೆಯೇ ಆಗಿರುವದು.

ಕನ್ನಡನಾಡಿನಲ್ಲಿ ಈ ಮಾತಿಗೆ ಶ್ರೇಷ್ಠವಾದ ಉದಾಹರಣೆಯೆಂದರೆ ಬೆಂಗಳೂರಿನ ಲಾಲಬಾಗ. 1760ರಲ್ಲಿ ಹೈದರಾಲಿಯು ಆರಂಭಿಸಿ, ಅವನ ಮಗನಾದ ಟೀಪೂ ಸುಲ್ತಾನನು ದೇಶವಿದೇಶಗಳ ಬೀಜಸಸಿಗಳಿಂದ ಬೆಳೆಯಿಸಿದ ಈ ತೋಟವು 1856ರಲ್ಲಿ ಸರಕಾರದ ಸಸ್ಯೋದ್ಯಾನವಾಯಿತು. 1874ರಲ್ಲಿ ಅದರ ಮೇಲ್ವಿಚಾರಕನಾಗಿ ಬಂದ ಜಾನ್ ಕ್ಯಾಮರಾನನು ಪರದೇಶದ ಅನೇಕ ತರಕಾರಿಗಳನ್ನು ಇಲ್ಲಿ ಬೆಳೆದು ನೋಡಿದನು. ಮೆಕ್ಸಿಕೋ ಸೀಮೆಯ ಸೀಮೆಬದನೆಯು ಬೆಂಗಳೂರಿಗೆ ಬಂದದ್ದು ಅವನ ಮೂಲಕವಾಗಿ. ಅದನ್ನು ತಮಿಳರು ಇಂದಿಗೂ ಬೆಂಗಳೂರಿನ ಬದನೆಯೆಂದೇ ಕರೆಯುತ್ತಾರೆ. ಈಗ ಜನರು ನೋಡಲು ನೆರೆಯುವ ಗಾಜಿನ ಮನೆಗೆ 1889ರಲ್ಲಿ ಅಸ್ತಿಭಾರವನ್ನು ಹಾಕಿದರು. 1908ರಲ್ಲಿ ಜರ್ಮನಿಯ ಕ್ರುಂಬಿಗಲ್ ಸಾಹೇಬರೂ, ಮುಂದೆ ನಮ್ಮವರೇ ಆದ ಜವರಾಯರೂ, ಡಾ. ಮರಿಗೌಡರೂ ಈ ಕಾರ್ಯವನ್ನು ಮುಂದುವರಿಸಿದರು. ಮರಿಗೌಡರಂತೂ ತೋಟಗಾರಿಕೆಯ ವಿದ್ಯೆಯನ್ನು ಜಿಲ್ಲೆ ತಾಲೂಕುಗಳ ವರೆಗೆ ಹಬ್ಬಿಸಿದ ಮಹನೀಯರು. ನಮ್ಮ ಭಾಗದಲ್ಲಿಯೂ ಬೆಳಗಾವಿ ಜಿಲ್ಲೆಯ ಅರಭಾವಿಯಲ್ಲಿ ತೋಟಗಾರಿಕೆಯ ಮಹಾವಿದ್ಯಾಲಯವಿದೆ. 2008ರಲ್ಲಿ ಬಾಗಲಕೋಟೆಯಲ್ಲಿ ತೋಟಗಾರಿಕೆಯ ವಿಶ್ವವಿದ್ಯಾಲಯವೇ ಸ್ಥಾಪಿತವಾಯಿತು.

ಲಾಲಬಾಗದಲ್ಲಿ ವರ್ಷಕ್ಕೆರಡು ಸಲ, ಗಣರಾಜ್ಯೋತ್ಸವಕ್ಕೂ ಸ್ವಾತಂತ್ರ್ಯದಿನಕ್ಕೂ, ಫಲಪುಷ್ಪಗಳ ಪ್ರದರ್ಶನವು ಜರುಗುವದನ್ನು ಎಲ್ಲರೂ ಬಲ್ಲರು. ಪ್ರದರ್ಶನವು ಒಳ್ಳೆಯದೇ. ಆದರೆ ಆ ಜನಸಂದಣಿಯಲ್ಲಿ ಹೂವನ್ನು ಮೆಚ್ಚಿ ಮುಂದೆ ಸಾಗುವದಷ್ಟೇ ಸಾಧ್ಯ. ನಿಂತು ಕೇಳುವದಕ್ಕೆ ಅವಕಾಶವಿಲ್ಲ. ಆದುದರಿಂದಲೇ ಪಾಶ್ಚಾತ್ಯ ದೇಶಗಳ ಕೆಲವು ಸಸ್ಯೋದ್ಯಾನಗಳಲ್ಲಿ ಬೇರೊಂದು ಕ್ರಮವನ್ನು ಇಟ್ಟುಕೊಂಡಿದ್ದಾರೆ. ತಿಂಗಳಿಗೊಂದು ದಿನ ನಡುಹಗಲಿನ ವಿರಾಮದಲ್ಲಿ ಕಚೇರಿಯವರೂ ಅಂಗಡಿಯವರೂ ವೃದ್ಧರೂ ತಮ್ಮ ಬುತ್ತಿಯನ್ನು ಕೈಯಲ್ಲಿ ಹಿಡಿದು ಉದ್ಯಾನಕ್ಕೆ ಬರುತ್ತಾರೆ. ಅಲ್ಲಿಯ ವಿದ್ವಾಂಸನೋ ತೋಟಗಾರನೋ ಒಂದು ವಿಷಯವನ್ನು ಒಂದು ತಾಸಿನೊಳಗೆ ವಿವರಿಸುತ್ತಾನೆ. ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾನೆ. ಎಲ್ಲರೂ ತಮ್ಮ ಕೆಲಸಕ್ಕೆ ಮರಳುತ್ತಾರೆ. ಈ ಪದ್ಧತಿಯ ಗುಣಗಳು ಮೂರು: ಕಾಲವು ಅಲ್ಪ, ವಿಷಯವು ಒಂದೇ, ಮತ್ತು ಹೇಳುವ ಗಿಡವು ಕಣ್ಣೆದುರಿಗೇ ಇರುವದು.

ಇಂಥ ಕಾರ್ಯಕ್ಕೂ ಕ್ರೈಸ್ತಸೇವೆಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಸಂಬಂಧವು ಹಳೆಯದು. 1793ರಲ್ಲಿ ಬಂಗಾಲಕ್ಕೆ ಬಂದ ವಿಲಿಯಂ ಕೇರಿಯವರು ಮೊದಲು ಚಮ್ಮಾರಿಕೆಯಿಂದ ಹೊಟ್ಟೆ ಹೊರೆದವರು. ಸತ್ಯವೇದವನ್ನು ನಮ್ಮ ದೇಶದ ಅನೇಕ ಭಾಷೆಗಳಿಗೆ ತಿರುಗಿಸುವ ಕೆಲಸದಲ್ಲಿ ಮುಳುಗಿದ್ದಾಗಲೂ ಅವರು ಶ್ರೀರಾಮಪುರದಲ್ಲಿ ತಮ್ಮದೊಂದು ತೋಟವನ್ನು ಬಹು ಅಕ್ಕರೆಯಿಂದ ಬೆಳೆಯಿಸಿದರು. 1820ರಲ್ಲಿ ಕಲಕತ್ತೆಯಲ್ಲಿ ಕೃಷಿ ಹಾಗೂ ತೋಟಗಾರಿಕೆಯ ಸಂಘವನ್ನು ಸ್ಥಾಪಿಸಿದರು. ಸ್ನೇಹಿತನಾದ ರಾಕ್ಸ್‌ಬರ್ಗನು ಬರೆದಿಟ್ಟ ಭಾರತದ ಸಸ್ಯಗಳ ಗ್ರಂಥವನ್ನು ಅವನ ಮರಣಾನಂತರ ಅಚ್ಚು ಮಾಡಿಸಿದರು. 1817ರಲ್ಲಿ ಕನ್ನಡದ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದವರೂ ಅವರೇ. ನಮ್ಮ ಕಾಡುಗಳಲ್ಲಿ ಬೆಳೆಯುವ ಕವಲು ಮರಕ್ಕೆ ಸಸ್ಯಶಾಸ್ತ್ರದಲ್ಲಿ ಇರುವ ‘ಕೇರಿಯಾ’ ಎಂಬ ಹೆಸರು ಈ ಮಹನೀಯರದೇ.

ಇನ್ನೊಬ್ಬರು ಇಂಗ್ಲಂಡಿನ ಪಾದ್ರಿ ಹೆನ್ಸ್ಲೋ ಅವರು. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಇವರ ಶ್ರಮದಿಂದಲೇ ಅಲ್ಲಿಯ ಹೊಸ ಸಸ್ಯೋದ್ಯಾನವು 1846ರಲ್ಲಿ ತೆರೆಯಿತು. ಪ್ರಖ್ಯಾತನಾದ ಡಾರ್ವಿನ್ನನು ಇವರ ಶಿಷ್ಯನು. ಇಷ್ಟು ದೊಡ್ಡ ವಿದ್ವಾಂಸರು ಹಿಚಮ್ ಎಂಬ ಬಡ ಹಳ್ಳಿಯ ಸಭೆಯ ಪಾಲಕರಾದಾಗ ಅಲ್ಲಿಯ ಕೂಲಿಕಾರರ ಹುಡುಗ ಹುಡುಗಿಯರನ್ನು ಕೂಡಿಸಿ, ಬೇಲಿಯ ಹೂಗಳನ್ನು ಬಿಡಿಸಿ, ಎಸಳು ಎಷ್ಟು, ಕೇಸರ ಎಷ್ಟು ಎಂದು ಎಣಿಸಲು ಕಲಿಸಿದರು. ಪ್ರಾಧ್ಯಾಪಕರ ವಿದ್ಯೆಯು ಹಳ್ಳಿಯ ಮಕ್ಕಳ ಕೈಗೆ ಎಟಕುವದೆಂಬದನ್ನು ಅವರು ತೋರಿಸಿಕೊಟ್ಟರು.

ಈಗ ನಮ್ಮ ಕಡೆಗೆ ಬರೋಣ. ನನ್ನ ತವರೂರು ಚಿಮ್ಮಡ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ. ನಡುವೆ ಜಮಖಂಡಿ, ಮುಧೋಳ, ರಬಕವಿ, ಬನಹಟ್ಟಿಗಳ ಸೀಮೆ. ಇಲ್ಲಿ ಲಾಲಬಾಗವಿಲ್ಲ, ಗಾಜಿನ ಮನೆಯಿಲ್ಲ. ಆದರೆ ಮಧ್ಯಾಹ್ನದ ಗಂಟೆ ಬಾರಿಸಿದೊಡನೆ ಸಾಲೆಯ ಬೇವಿನ ಗಿಡದ ಕೆಳಗೆ ಹುಡುಗಿಯರು ಬುತ್ತಿಯನ್ನು ಬಿಚ್ಚಿದರೆ ಅದೇ ಒಂದು ಸಸ್ಯೋದ್ಯಾನವಾಗುವದು. ಜೋಳದ ರೊಟ್ಟಿಯನ್ನು ನೋಡಿರಿ: ನಮ್ಮದೆಂದೇ ನಾವು ತಿಳಿದಿರುವ ಜೋಳದ ಮೊದಲ ಮನೆ ಆಫ್ರಿಕಾ ಖಂಡ. ಶೇಂಗಾ ಚಟ್ನಿಯಲ್ಲಿಯ ಶೇಂಗಾ, ಅದರಲ್ಲಿಯ ಮೆಣಸಿನಕಾಯಿ, ಇವೆರಡೂ ಅಮೇರಿಕದಿಂದ ಸಮುದ್ರವನ್ನು ದಾಟಿ ಬಂದವು. ಗೋವಿನಜೋಳವೂ ಆ ಖಂಡದ್ದೇ. ಬದನೆ ಮತ್ತು ಅರಿಷಿಣ ನಮ್ಮ ನೆಲದ ಮಕ್ಕಳು. ಒಂದು ಬುತ್ತಿಯಲ್ಲಿ ಮೂರು ಖಂಡಗಳು ಕೂಡಿಕೊಂಡಿರುವದನ್ನು ಕಂಡ ಹುಡುಗಿಗೆ ಭೂಗೋಲದ ನಕಾಶೆಯು ಒಣ ವಿಷಯವಾಗಿ ತೋರಲಾರದು. ಇದು ಮೊದಲನೆಯ ತಿಂಗಳ ಪಾಠವಾಗಬಹುದು.

ಎರಡನೆಯದು ನಡುಹಗಲಿಗೇ ತಕ್ಕುದಾದ ಪಾಠ. ಉಪನ್ಯಾಸವು ಆರಂಭವಾಗುವಾಗ ಬಿಸಿಲಲ್ಲಿರುವ ದಾಸವಾಳದ ಒಂದು ಟೊಂಗೆಗೆ, ಎಲೆಗಳು ಒಳಗಿರುವಂತೆ, ಪಾರದರ್ಶಕವಾದ ಪ್ಲಾಸ್ಟಿಕ ಚೀಲವನ್ನು ಬಿಗಿಯಾಗಿ ಕಟ್ಟಬೇಕು. ಮುಗಿಯುವ ಹೊತ್ತಿಗೆ ಚೀಲದ ಒಳಮೈಯಲ್ಲಿ ನೀರಿನ ಹನಿಗಳು ಮೂಡಿರುತ್ತವೆ. ನೀರನ್ನು ಯಾರೂ ಹಾಕಲಿಲ್ಲ; ಅದು ಬೇರಿನಿಂದ ಮೇಲಕ್ಕೇರಿ, ಎಲೆಯ ಕಣ್ಣಿಗೆ ಕಾಣದ ರಂಧ್ರಗಳಿಂದ ಆವಿಯಾಗಿ ಹೊರಬಿದ್ದ ನೀರು. ಮರದ ನೆರಳು ಮನೆಯ ನೆರಳಿಗಿಂತ ತಂಪೇಕೆಂಬ ಪ್ರಶ್ನೆಗೆ ಅಲ್ಲಿಯೇ ಉತ್ತರ ದೊರೆಯುವದು. ಹಾಗೆಯೇ ಹೂಗಳು ಗಳಿಗೆಯನ್ನು ಬಲ್ಲವೆಂಬದನ್ನೂ ತೋರಿಸಬಹುದು: ಸಂಜೆಮಲ್ಲಿಗೆಯು ಆ ಹೊತ್ತಿಗೆ ಮುಚ್ಚಿಕೊಂಡಿರುವದು, ಹಳಗನ್ನಡದ ಕವಿಗಳು ತುಟಿಗೆ ಹೋಲಿಸಿದ ಕೆಂಪು ಬಂದುಗೆಯು ನಡುಹಗಲಿಗೇ ಅರಳುವದು. ಸ್ವೀಡನ್ ದೇಶದ ಲಿನ್ನೇಯಸ್ ಪಂಡಿತನು ಹೂಗಳು ಅರಳುವ ಮುಚ್ಚುವ ವೇಳೆಯಿಂದಲೇ ಒಂದು ಗಡಿಯಾರವನ್ನು 1751ರಲ್ಲಿ ಕಲ್ಪಿಸಿದ್ದನು.

ಮೂರನೆಯ ಪಾಠವು ನಮ್ಮ ಸೀಮೆಯ ಅಳಿವು ಉಳಿವಿಗೆ ಸಂಬಂಧಿಸಿದ್ದು. ಒಂದು ತಟ್ಟೆಯಲ್ಲಿ ಉಪ್ಪುನೀರನ್ನು ಹಾಕಿ ಅದರೊಳಗೆ ಒಣಗಿದ ಇಟ್ಟಂಗಿಯ ತುಂಡನ್ನು ನಿಲ್ಲಿಸಿ ಬಿಸಿಲಿಗೆ ಇಡಿರಿ. ನೀರು ಇಟ್ಟಂಗಿಯೊಳಗೆ ಹೀರಿಕೊಂಡು ಮೇಲಕ್ಕೇರುವದು, ಬಿಸಿಲಿಗೆ ಆರುವದು, ಕೆಲವು ದಿನಗಳಲ್ಲಿ ಅದರ ನೆತ್ತಿಯ ಮೇಲೆ ಬಿಳಿಯ ಪದರು ಕೂಡ್ರುವದು. ನಮ್ಮ ಎರೆಭೂಮಿಯಲ್ಲಿ ನಡೆಯುತ್ತಿರುವದೂ ಇದೇ. ಕಬ್ಬಿಗೆ ಬೇಕಾದುದಕ್ಕಿಂತ ಹೆಚ್ಚು ನೀರನ್ನು ವರ್ಷಾನುಗಟ್ಟಲೆ ಹಾಯಿಸಿದರೆ ನೆಲದೊಳಗಿನ ನೀರಿನ ಮಟ್ಟವು ಮೇಲೇರಿ, ಮಣ್ಣಿನ ಲವಣಗಳನ್ನು ಹೊತ್ತು ತಂದು, ಮೇಲೆ ಬಿಟ್ಟು ಹೋಗುವದು. ಸವುಳು ಜವುಳೆಂದು ನಾವು ಕರೆಯುವ ಈ ರೋಗದಿಂದ ಕೃಷ್ಣಾ ಘಟಪ್ರಭೆಗಳ ನೀರಾವರಿ ಪ್ರದೇಶದಲ್ಲಿ ಒಳ್ಳೆಯ ಹೊಲಗಳು ಕೆಟ್ಟಿವೆ. ಬಸಿಗಾಲುವೆ ತೋಡುವದು, ನೀರನ್ನು ಅಳತೆಯಿಂದ ಹಾಯಿಸುವದು, ಸೆಣಬಿನಂಥ ಹಸಿರುಗೊಬ್ಬರವನ್ನು ಬಿತ್ತಿ ಮಣ್ಣಿಗೆ ಸೇರಿಸುವದು, ಇವೇ ಅದಕ್ಕೆ ಮುಖ್ಯವಾದ ಉಪಾಯಗಳು. ದೊಡ್ಡವರಿಗೆ ಇದನ್ನು ಸಭೆ ಕೂಡಿಸಿ ಹೇಳಿದರೂ ಮನಸ್ಸಿಗೆ ನಾಟದಿರಬಹುದು. ಆದರೆ ಮಗಳು ಮನೆಗೆ ಬಂದು ತನ್ನ ತಂದೆಯ ಮುಂದೆ ಆ ಇಟ್ಟಂಗಿಯ ತುಂಡನ್ನು ಇಟ್ಟಾಗ ಅವನು ಒಂದು ಕ್ಷಣವಾದರೂ ಯೋಚಿಸದೆ ಇರಲಾರನು.

ಇಲ್ಲಿ ಪಾಲಕರ ಒಂದು ಆಕ್ಷೇಪವನ್ನು ನಾನು ಬಲ್ಲೆನು. “ಹೊಲದ ದುಡಿತ ತಪ್ಪಲೆಂದೇ ಮಗಳನ್ನು ಸಾಲೆಗೆ ಕಳಿಸಿದೆವು, ಅಲ್ಲಿಯೂ ಕೈಗೆ ಮಣ್ಣು ಹತ್ತಿಸುವದಾದರೆ ಕಲಿಸಿ ಫಲವೇನು?” ಎಂದು ತಾಯಂದಿರು ಕೇಳುತ್ತಾರೆ. ಈ ಮಾತಿನ ಹಿಂದೆ ತಲೆತಲಾಂತರದ ಆಯಾಸವಿದೆ. ಅದನ್ನು ಹಗುರವಾಗಿ ಎಣಿಸಬಾರದು. ಕಳೆ ತೆಗೆಯುವವಳೂ ಬೀಜ ಕಾಯ್ದಿಡುವವಳೂ ಹೆಣ್ಣು. ಆದರೆ ಹೊಲದ ವಿಚಾರ ಬಂದಾಗ ಅವಳನ್ನು ಕೇಳುವವರು ವಿರಳ. ಉದ್ಯಾನಪಾಠದ ಉದ್ದೇಶವು ಹುಡುಗಿಯನ್ನು ಮರಳಿ ಕೂಲಿಗೆ ಹಚ್ಚುವದಲ್ಲ. ದುಡಿಯುವ ಕೈಗೆ ತಿಳಿಯುವ ಕಣ್ಣನ್ನು ಕೂಡಿಸುವದು. ಅಂಥ ಕಣ್ಣುಳ್ಳವಳ ಮಾತನ್ನು ಮನೆಯವರು ಕೇಳಲೇಬೇಕಾಗುವದು.

ಈ ಮಾತಿಗೆ ಒಂದು ದೃಷ್ಟಾಂತವನ್ನು ಕೊಡುವೆನು. 1897ರಲ್ಲಿ ತಲಚೇರಿಯಲ್ಲಿ ಹುಟ್ಟಿದ ಜಾನಕಿ ಅಮ್ಮಾಳ್ ಅವರು ಮದರಾಸಿನ ಮಹಿಳೆಯರ ಕ್ರೈಸ್ತ ಮಹಾವಿದ್ಯಾಲಯದಲ್ಲಿ ಕಲಿಸುತ್ತಿದ್ದವರು. ಅಮೇರಿಕದ ಮಿಶಿಗನ್ನಿಗೆ ಹೋಗಿ 1931ರಲ್ಲಿ ವಿಜ್ಞಾನದ ಡಾಕ್ಟರ್ ಪದವಿಯನ್ನು ಪಡೆದರು. ಆ ದಶಕದಲ್ಲಿಯೇ ಅವರು ಕೊಯಿಮತ್ತೂರಿನ ಕಬ್ಬಿನ ತಳಿಗಳ ಸಂಶೋಧನಕೇಂದ್ರವನ್ನು ಸೇರಿ, ಕಬ್ಬನ್ನು ಅದರ ದೂರದ ಬಂಧುಗಳಾದ ಹುಲ್ಲುಗಳೊಡನೆ, ಗೋವಿನಜೋಳದೊಡನೆ ಕೂಡ, ಸಂಕರ ಮಾಡಿ ಪರೀಕ್ಷಿಸಿದರು. 1977ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿಯು ದೊರೆಯಿತು. 1912ರಲ್ಲಿ ಸ್ಥಾಪಿತವಾದ ಆ ಕೇಂದ್ರದ ಹೆಸರು ನಮ್ಮ ರೈತರ ನಾಲಗೆಯ ಮೇಲೆ ದಿನಾಲು ಆಡುತ್ತಿರುವದು: ‘ಕೋ 86032’ ಎಂಬ ಕಬ್ಬಿನ ತಳಿಯಲ್ಲಿಯ ‘ಕೋ’ ಎಂಬದು ಕೊಯಿಮತ್ತೂರೇ. ಗಿಡವನ್ನು ಕುತೂಹಲದಿಂದ ನೋಡಿದ ಒಬ್ಬ ಸಾಲೆಯ ಹುಡುಗಿಯು ಎಲ್ಲಿಯ ವರೆಗೆ ಹೋಗಬಲ್ಲಳೆಂಬದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ.

ಇನ್ನು ನಡೆಯಿಸುವ ರೀತಿ. ತಿಂಗಳಿಗೊಂದು ದಿನವನ್ನು ಗೊತ್ತು ಮಾಡಿ ಅದನ್ನು ತಪ್ಪಿಸಬಾರದು. ಹುಡುಗಿಯರ ಊಟವು ಮೊದಲು. ಹಸಿದ ಹೊಟ್ಟೆಗೆ ಪಾಠ ಹತ್ತದು. ಮಾತು ಅರ್ಧ ತಾಸನ್ನು ಮೀರಬಾರದು. ಉಳಿದ ಸಮಯವು ಪ್ರಶ್ನೆಗಳಿಗೆ ಇರಲಿ. ಲ್ಯಾಟಿನ್ ಹೆಸರಿಗಿಂತ ಮೊದಲು ಊರಿನ ಹೆಸರನ್ನು ಕೇಳಬೇಕು. ಕಾಲಕ್ಕೆ ತಕ್ಕ ವಿಷಯವನ್ನು ಆರಿಸಬೇಕು: ಮುಂಗಾರಿಗೆ ಬೀಜದ ಮೊಳಕೆ, ಶೇಂಗಾ ಹೂಬಿಟ್ಟಾಗ ಆ ಹೂವಿನ ಬುಡದಿಂದ ಸೂಜಿಯಂಥದೊಂದು ಕೆಳಗಿಳಿದು ಮಣ್ಣಿನೊಳಗೆ ಕಾಯಿಯಾಗುವ ಸೋಜಿಗ, ಹತ್ತಿ ಒಡೆದಾಗ, ರಬಕವಿ ಬನಹಟ್ಟಿಯ ಮಗ್ಗಗಳಿಗೆ ಬೇಕಾಗುವ ಹತ್ತಿಯ ನೂಲು ಬೀಜದ ಮೇಲಣ ಕೂದಲೇ ಎಂಬ ಸಂಗತಿ, ಬೇಸಗೆಗೆ ಬೇವಿನ ಹೂವು. ಉಪನ್ಯಾಸಕರು ಯಾವಾಗಲೂ ಪದವೀಧರರೇ ಆಗಬೇಕೆಂದಿಲ್ಲ. ಅರಭಾವಿಯಿಂದಲೋ ಬಾಗಲಕೋಟೆಯಿಂದಲೋ ಒಬ್ಬ ವಿದ್ವಾಂಸರನ್ನು ವರ್ಷಕ್ಕೊಮ್ಮೆ ಕರೆಯಿಸಬಹುದು. ಉಳಿದ ತಿಂಗಳುಗಳಲ್ಲಿ ಯಾವಳಾದರೂ ವಿದ್ಯಾರ್ಥಿನಿಯ ಅಜ್ಜಿಯೇ ಬಂದು ಬೀಜವನ್ನು ಬೂದಿ ಬೇವಿನೆಲೆಗಳಲ್ಲಿ ಕಾಯ್ದಿಡುವ ಬಗೆಯನ್ನು ಹೇಳಲಿ. ಅಕ್ಷರ ಬಾರದ ಮುದುಕಿಯು ಗುರುವಿನ ಸ್ಥಾನದಲ್ಲಿ ಕೂಡ್ರುವದನ್ನು ಮೊಮ್ಮಗಳು ನೋಡುವದೂ ಒಂದು ದೊಡ್ಡ ಪಾಠವೇ. ಪ್ರತಿಯೊಬ್ಬ ಹುಡುಗಿಯು ಅಂದು ಕಂಡದ್ದನ್ನು ಒಂದು ವಹಿಯಲ್ಲಿ ನಾಲ್ಕು ಸಾಲು ಬರೆದು ಎಲೆಯ ಚಿತ್ರವನ್ನು ತೆಗೆದಿಡಲಿ. ಕೆಲವು ವರ್ಷಗಳಲ್ಲಿ ಆ ವಹಿಗಳೇ ನಮ್ಮ ಸೀಮೆಯ ಸಸ್ಯಗಳ ಪುಸ್ತಕವಾಗುವವು.

ಹಳೆಯ ವಿದ್ಯಾರ್ಥಿನಿಯರಾದ ಸಹೋದರಿಯರಲ್ಲಿ ನನ್ನ ವಿನಂತಿಯಿಷ್ಟೇ. ಸಾಲೆಗೆ ಕಾಣಿಕೆ ಕೊಡಬೇಕೆಂದು ಮನಸ್ಸಿದ್ದವರು ತಮ್ಮ ಊರಿನ ಒಂದು ಗಿಡದ ಸಸಿಯನ್ನು ತಂದು ನೆಟ್ಟು, ಅದರ ಹೆಸರನ್ನೂ ಊರನ್ನೂ ಫಲಕದ ಮೇಲೆ ಬರೆಯಿಸಿರಿ. ಆಮೇಲೆ ಒಂದು ಮಧ್ಯಾಹ್ನ ಬಂದು ಅದರ ವಿಷಯವನ್ನು ಮಕ್ಕಳಿಗೆ ಹೇಳಿರಿ. ಸಾಸಿವೆಯ ಕಾಳಿನ ಸಾಮ್ಯವನ್ನು ಹೇಳಿದ ನಮ್ಮ ಕರ್ತನು ತನ್ನ ಬೋಧನೆಗಳಲ್ಲಿ ಹೊಲದ ಹೂವನ್ನೂ ಬಿತ್ತುವವನನ್ನೂ ಅಂಜೂರದ ಮರವನ್ನೂ ತೋರಿಸಿಯೇ ಜನರಿಗೆ ಕಲಿಸಿದನು. ಅವನ ಹೆಸರಿನಲ್ಲಿ ನಡೆಯುವ ಈ ಸಾಲೆಯ ಅಂಗಳವೂ ಅಂಥದೊಂದು ಪಾಠದ ಸ್ಥಳವಾಗಲೆಂದು ದೇವರನ್ನು ಬೇಡಿಕೊಳ್ಳುತ್ತೇನೆ.