ಯೋಜನಾ ಕಾರ್ಯದ ಪ್ರಗತಿ: ವಿದ್ಯಾರ್ಥಿಯೇ ಪರಿಶೀಲಕ

ಯೋಜನಾಧಾರಿತ ಕಲಿಕೆಯಲ್ಲಿ ಅಂತಿಮ ವರದಿಯಷ್ಟೇ ಮುಖ್ಯವಾದುದು ಅದರ ಹಂತಹಂತದ ಪ್ರಗತಿ. ಉದಾಹರಣೆಗೆ, ಶಾಲೆಯ ಬಾವಿಯ ನೀರಿನ ಮಟ್ಟವನ್ನು ವಾರಕ್ಕೊಮ್ಮೆ ಅಳೆಯುವ ಯೋಜನೆಯಲ್ಲಿ ತಪ್ಪಿಹೋದ ವಾರದ ಅಳತೆಯನ್ನು ಮರಳಿ ಪಡೆಯಲಾಗದು. ಕೊನೆಯಲ್ಲಿ ಊಹಿಸಿ ಬರೆದ ಅಂಕಿಯು ಇಡೀ ವರದಿಯನ್ನೇ ನಿರರ್ಥಕಗೊಳಿಸುತ್ತದೆ.

ಇದನ್ನು ತಡೆಯಲು ಉಚಿತ ತಂತ್ರಾಂಶವಾದ ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ ಕೆಲಸ, ಹೊಣೆಗಾರರು, ನಿಗದಿತ ದಿನಾಂಕ, ಪೂರ್ಣಗೊಂಡ ದಿನಾಂಕ ಎಂಬ 4 ಅಂಕಣಗಳ ಪಟ್ಟಿಯನ್ನು ಸಿದ್ಧಪಡಿಸಬಹುದು. ಷರತ್ತುಬದ್ಧ ವಿನ್ಯಾಸ ಸೌಲಭ್ಯವನ್ನು ಅಳವಡಿಸಿದಲ್ಲಿ ಅವಧಿ ಮೀರಿದ ಕೆಲಸಗಳು ಕೆಂಪು ಬಣ್ಣದಲ್ಲಿ ಕಾಣುತ್ತವೆ. ಗೂಗಲ್ ಡಾಕ್ಸ್‌ನ ಆವೃತ್ತಿ ಇತಿಹಾಸವು ಯಾರು, ಯಾವಾಗ, ಯಾವ ಭಾಗವನ್ನು ಬರೆದರೆಂಬುದನ್ನು ತಿಳಿಸುವುದರಿಂದ ಒಬ್ಬರ ಮೇಲೆಯೇ ಬಿದ್ದ ಹೊರೆಯೂ ಗೋಚರಿಸುತ್ತದೆ.

ಆದರೆ ಈ ಸಾಧನಗಳು ವಿಳಂಬವನ್ನು ತೋರಿಸುತ್ತವೆಯೇ ಹೊರತು ಅದರ ಕಾರಣವನ್ನಲ್ಲ. ಆದುದರಿಂದ ತಂಡವು ವಾರಕ್ಕೊಮ್ಮೆ ಪಟ್ಟಿಯನ್ನು ಪರಿಶೀಲಿಸಿ, ವಿಳಂಬದ ಕಾರಣವನ್ನೂ ಮುಂದಿನ ಕ್ರಮವನ್ನೂ ನಮೂದಿಸುವುದು ಸೂಕ್ತ.