ಕರುಳಿನ ಕ್ಷಯವು ಮರಳಿದಂತೆ ತೋರುವಾಗ

ಊಟವಾಗಿ ಒಂದೆರಡು ಗಂಟೆ ಕಳೆಯುವಷ್ಟರಲ್ಲಿ ಹೊಕ್ಕುಳ ಸುತ್ತ ಹಿಂಡಿದಂತೆ ನೋವೆದ್ದು, ಹೊಟ್ಟೆಯೊಳಗೆ ಉಂಡೆಯೊಂದು ಸರಿದಾಡಿ, ಗುಡುಗುಡು ಸದ್ದಿನೊಡನೆ ಅದು ಕರಗಿದ ಮೇಲೆಯೇ ಉಪಶಮನವಾಗುವುದೆಂದು ರೋಗಿಯು ಹೇಳಿದರೆ, ಕರುಳು ಎಲ್ಲಿಯೋ ಸಂಕುಚಿತವಾಗಿದೆಯೆಂದು ಅನುಭವಸ್ಥ ವೈದ್ಯರು ಊಹಿಸುವರು. ಸಂಜೆಯ ಜ್ವರವೂ ಮೈ ಸೊರಗುವಿಕೆಯೂ ಜೊತೆಗೂಡಿದ್ದಲ್ಲಿ ನಮ್ಮ ದೇಶದಲ್ಲಿ ಕರುಳಿನ ಕ್ಷಯವನ್ನು ಶಂಕಿಸುವುದು ಯುಕ್ತವೇ ಸರಿ.

1882ರಲ್ಲಿ ರಾಬರ್ಟ್ ಕಾಕ್ ಗುರುತಿಸಿದ ಕ್ಷಯಾಣುವೇ, ನುಂಗಿದ ಕಫದೊಡನೆಯೋ ರಕ್ತದ ಮೂಲಕವೋ ಬಂದು, ಸಣ್ಣ ಕರುಳು ದೊಡ್ಡ ಕರುಳನ್ನು ಕೂಡುವ ಸಂಧಿಯಲ್ಲಿ ವಿಶೇಷವಾಗಿ ನೆಲೆಯೂರುತ್ತದೆ. ಅಲ್ಲಿ ಅದು ಉಂಟುಮಾಡುವ ಹುಣ್ಣುಗಳು ಕರುಳನ್ನು ಅಡ್ಡಲಾಗಿ ಬಳಸುವ ಸ್ವಭಾವದವು.

ಚಿಕಿತ್ಸೆಯ ಕ್ರಮವು ಈಗ ನಿಶ್ಚಿತವಾಗಿದೆ: ಐಸೋನಿಯಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಎಥಾಂಬುಟಾಲ್ ಎಂಬ ನಾಲ್ಕು ಔಷಧಗಳು 2 ತಿಂಗಳು, ಪೈರಜಿನಮೈಡ್ ಬಿಟ್ಟು ಉಳಿದ ಮೂರು ಮತ್ತೆ 4 ತಿಂಗಳು. ಮರುಕಳಿಸೀತೆಂಬ ಭಯದಿಂದ 9 ತಿಂಗಳು, ವರ್ಷ, ಅದಕ್ಕೂ ಮಿಗಿಲಾಗಿ ಔಷಧ ಕೊಡುತ್ತಿದ್ದ ಕಾಲವೊಂದಿತ್ತು. ಆದರೆ ಭಾರತದ ಹಲವು ಆಸ್ಪತ್ರೆಗಳು ಕೂಡಿ ನಡೆಸಿ 2015ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, 6 ತಿಂಗಳ ಚಿಕಿತ್ಸೆಗೂ 9 ತಿಂಗಳ ಚಿಕಿತ್ಸೆಗೂ ಮರುಕಳಿಕೆಯಲ್ಲಿ ಅಂತರ ಕಾಣಲಿಲ್ಲ. ಬಡ ರೋಗಿಗಳ ಪಾಲಿಗೆ ಇದು ಸಣ್ಣ ಉಪಕಾರವಲ್ಲ.

ಹೀಗಿದ್ದೂ ಔಷಧ ಮುಗಿದ ಮೇಲೆ ಹಳೆಯ ನೋವು ತಲೆಯೆತ್ತಿದಾಗ ರೋಗವೇ ಹಿಂದಿರುಗಿತೆಂದು ಮನೆಯವರೆಲ್ಲ ಕಂಗೆಡುವುದುಂಟು. ಬಹುವೇಳೆ ಅದು ರೋಗವಲ್ಲ, ರೋಗದ ಕಲೆ. ಹುಣ್ಣು ಮಾಯುತ್ತ ನಾರಿನಂತೆ ಬಿಗಿದು ಕರುಳನ್ನು ಉಂಗುರವಾಗಿ ಹಿಡಿದಿಟ್ಟಿರುತ್ತದೆ. ಅಣುಗಳು ಸತ್ತ ಮೇಲೂ ಆ ಬಿಗಿತ ಸಡಿಲದು, ಎಷ್ಟು ಮಾತ್ರೆ ನುಂಗಿದರೂ ಫಲವಿಲ್ಲ. ಬಲೂನಿನಿಂದ ಅದನ್ನು ಹಿಗ್ಗಿಸಬೇಕು, ಇಲ್ಲವೆ ಶಸ್ತ್ರಚಿಕಿತ್ಸೆ ಮಾಡಿಸಬೇಕು. ಕೇವಲ ನೋವನ್ನು ಕಂಡು ಔಷಧಕ್ರಮವನ್ನು ಮೊದಲಿನಿಂದ ಆರಂಭಿಸುವುದು ರೋಗಿಯ ಯಕೃತ್ತಿಗೆ ಮಾಡುವ ಅನ್ಯಾಯವೆಂದೇ ನನ್ನ ಭಾವನೆ.

ನಿಜವಾದ ಮರುಕಳಿಕೆಯಾದರೋ ಜ್ವರವನ್ನೂ ತೂಕದ ಇಳಿತವನ್ನೂ ಹೊಸ ಹುಣ್ಣುಗಳನ್ನೂ ತರುತ್ತದೆ. ಎರಡನೆಯ ತಿಂಗಳಿಗೆ ಹಸಿವು ಮರಳಿತೆಂದು ಮಾತ್ರೆ ಬಿಟ್ಟವರಲ್ಲಿಯೂ, ಔಷಧಕ್ಕೆ ಬಗ್ಗದ ಅಣುಗಳು ಸೇರಿದವರಲ್ಲಿಯೂ ಇದರ ಸಂಭವ ಹೆಚ್ಚು. ಇನ್ನು ಕೆಲವರಿಗೆ ಮೊದಲಿನಿಂದಲೂ ಇದ್ದುದು ಕ್ಷಯವೇ ಅಲ್ಲ. 1932ರಲ್ಲಿ ನ್ಯೂಯಾರ್ಕಿನ ಬರಿಲ್ ಕ್ರಾನ್ ಸಂಗಡಿಗರೊಡನೆ ವರ್ಣಿಸಿದ, ಅದೇ ಸಂಧಿಯನ್ನು ಬಾಧಿಸುವ ಮತ್ತೊಂದು ವ್ಯಾಧಿ. ಅದಕ್ಕೆ ಕೊಡುವ ಸ್ಟಿರಾಯ್ಡು ಕ್ಷಯವನ್ನು ಕೆರಳಿಸುವುದರಿಂದ, ಕೊಲನೊಸ್ಕೋಪಿಯಲ್ಲಿ ಹುಣ್ಣನ್ನು ಕಂಡು, ಅದರ ತುಣುಕನ್ನು ತೆಗೆದು, ಅಣುವನ್ನು ಬೆಳೆಸಿ ನೋಡುವ ಪರೀಕ್ಷೆಗೂ ಕಳುಹಿಸಿ, ಬಳಿಕವೇ ಎರಡನೆಯ ಸುತ್ತಿನ ಚಿಕಿತ್ಸೆಯನ್ನು ನಿರ್ಣಯಿಸತಕ್ಕದ್ದು.